ವೈಫೈ ಹೊಸದು, ಗೋಮಾಳ ಹಳೆಯದು: 2.4 ಗಿಗಾಹರ್ಟ್ಜ್ ಗದ್ದಲದಲ್ಲಿ ನಮ್ಮ ಪಾಲೆಷ್ಟು?

ಇತ್ತೀಚೆಗೆ ಗೆಳೆಯರು ಪದೇ ಪದೇ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ. "ವೈಫೈ 6 ರೂಟರ್ ತಗೊಂಡ್ರೆ ನಮ್ಮ ಪಿಜಿ ನೆಟ್ ಸರಿಹೋಗುತ್ತಾ?" ಇನ್ನು ಕೆಲವರು ನೇರವಾಗಿ ವೈಫೈ 7 ಬಗ್ಗೆಯೇ ವಿಚಾರಿಸುತ್ತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ: ಸ್ವಲ್ಪ ಸರಿಹೋಗುತ್ತೆ. ಯಾಕೆ ಸ್ವಲ್ಪ ಮಾತ್ರ ಅಂತ ಕೇಳಿದರೆ ಅರ್ಧ ಉತ್ತರ ತಂತ್ರಜ್ಞಾನದಲ್ಲಿದೆ, ಉಳಿದರ್ಧ ದಿಲ್ಲಿಯಲ್ಲಿದೆ. ಗಾಳಿಯಲ್ಲಿ ಹರಿಯುವ ತರಂಗಗಳನ್ನು ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ಹಂಚಬೇಕು ಅನ್ನುವುದು ರಾಜಕೀಯ ತೀರ್ಮಾನ. ಹಾಗಾಗಿ ಎರಡನ್ನೂ ಒಟ್ಟಿಗೇ ನೋಡಬೇಕು.

ಹರಾಜಿಲ್ಲದ ಜಾಗ

ಮೊಬೈಲ್ ಕಂಪನಿಗಳು ತರಂಗಗಳನ್ನು ಹರಾಜಿನಲ್ಲಿ ಕೊಳ್ಳುತ್ತವೆ. 2022ರ 5ಜಿ ಹರಾಜಿನಲ್ಲಿ ಸರ್ಕಾರಕ್ಕೆ ಬಂದ ಬಿಡ್ಡುಗಳ ಮೊತ್ತ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಕೊಂಡ ತರಂಗದಲ್ಲಿ ಆಯಾ ಕಂಪನಿ ಬಿಟ್ಟು ಬೇರೆಯವರು ಕಾಲಿಡುವಂತಿಲ್ಲ. ಅದು ಬೇಲಿ ಹಾಕಿದ ಹೊಲ.

ವೈಫೈ ನಡೆಯುವುದು ಬೇಲಿ ಇಲ್ಲದ ಕಡೆ. 2.4 ಗಿಗಾಹರ್ಟ್ಜ್ ಬ್ಯಾಂಡ್ ಅಂತ ನಾವು ಕರೆಯುವುದು 2400ರಿಂದ 2483.5 ಮೆಗಾಹರ್ಟ್ಜ್‌ವರೆಗಿನ ಒಂದು ತುಂಡು. ಒಟ್ಟು 83.5 ಮೆಗಾಹರ್ಟ್ಜ್. ಇಲ್ಲಿ ಲೈಸೆನ್ಸ್ ಬೇಡ, ಶುಲ್ಕ ಇಲ್ಲ. ನಿಗದಿತ ಶಕ್ತಿಯ ಮಿತಿಯೊಳಗೆ ಯಾರು ಬೇಕಾದರೂ ಬಳಸಬಹುದು. ನಮ್ಮ ಹಳ್ಳಿಗಳ ಗೋಮಾಳದ ಹಾಗೆ: ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ದನಕ್ಕೂ ಜಾಗ.

ಈ ಗೋಮಾಳ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದೇನಲ್ಲ. 1947ರ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಇಂಥ ಕೆಲವು ತುಂಡುಗಳನ್ನು ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆ ಬಿಟ್ಟರು. ಮೈಕ್ರೋವೇವ್ ಒಲೆ ಕೆಲಸ ಮಾಡುವುದು ಇದೇ 2.4ರ ಆಸುಪಾಸಿನಲ್ಲಿ. ಯಂತ್ರಗಳ ಗದ್ದಲ ಇರುವ ಜಾಗ ಸಂವಹನಕ್ಕೆ ಲಾಯಕ್ಕಲ್ಲ ಅಂತ ದೊಡ್ಡವರು ಬಿಟ್ಟ ಬಂಜರು ಅದು. 1985ರಲ್ಲಿ ಅಮೆರಿಕ ಅದನ್ನು ಲೈಸೆನ್ಸ್ ಇಲ್ಲದ ಸಂವಹನಕ್ಕೆ ತೆರೆಯಿತು. ಆ ಬಂಜರಲ್ಲೇ ವೈಫೈ ಮೊಳಕೆಯೊಡೆಯಿತು, ಬ್ಲೂಟೂತ್ ಬಂತು. ಭಾರತದಲ್ಲಿ ಈ ಬ್ಯಾಂಡನ್ನು ಪೂರ್ತಿಯಾಗಿ ಲೈಸೆನ್ಸ್‌ಮುಕ್ತ ಮಾಡಿದ್ದು 2005ರಲ್ಲಿ.

ಈಗ ಆ ಗೋಮಾಳದ ಗತಿ ನೋಡಿ. ವೈಫೈ ಚಾನೆಲ್ ಒಂದಕ್ಕೆ ಕನಿಷ್ಠ 20 ಮೆಗಾಹರ್ಟ್ಜ್ ಅಗಲ ಬೇಕು. ರೂಟರ್‌ನಲ್ಲಿ 1ರಿಂದ 13ರವರೆಗೆ ಚಾನೆಲ್ ತೋರಿಸಿದರೂ ಅವುಗಳ ನಡುವಿನ ಅಂತರ ಬರೀ 5 ಮೆಗಾಹರ್ಟ್ಜ್. ಅಂದರೆ ಒಂದರ ಮೇಲೊಂದು ಬಿದ್ದಿರುತ್ತವೆ. ಒಂದಕ್ಕೊಂದು ತಾಗದೆ ಕೂರುವುದು ಮೂರೇ: 1, 6 ಮತ್ತು 11. ನಾನಿರುವ ಬೆಂಗಳೂರಿನ ಕಟ್ಟಡದಲ್ಲಿ ಫೋನ್ ಹಿಡಿದು ನೋಡಿದರೆ ನಲವತ್ತಕ್ಕೂ ಹೆಚ್ಚು ವೈಫೈ ಹೆಸರು ಕಾಣುತ್ತವೆ. ನಲವತ್ತು ಮನೆ, ಮೂರು ಕೋಣೆ. ಲೆಕ್ಕ ಅಷ್ಟೇ.

ಒಂದೇ ಮೈಕ್, ನೂರು ಜನ

ಇಷ್ಟು ಜನ ಒಂದೇ ಚಾನೆಲ್ಲಿನಲ್ಲಿ ಹೇಗೆ ಬದುಕುತ್ತಾರೆ? ವೈಫೈಗೆ ಒಂದು ಒಳ್ಳೆಯ ಗುಣ ಇದೆ. ಮಾತಾಡುವ ಮುಂಚೆ ಕಿವಿಗೊಟ್ಟು ಕೇಳುತ್ತದೆ. ಬೇರೆ ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿರುತ್ತದೆ. ಅವರು ಮುಗಿಸಿದ ಮೇಲೆ ಒಂದಿಷ್ಟು ಹೊತ್ತು ಕಾದು ತಾನು ಶುರುಮಾಡುತ್ತದೆ. ಒಂದೇ ಮೈಕ್ ಇರುವ ಗ್ರಾಮಸಭೆ ಅಂದುಕೊಳ್ಳಿ. ಪಕ್ಕದ ಮನೆಯ ರೂಟರ್ ಕೂಡ ಇದೇ ಸಭೆಯ ಸದಸ್ಯ. ಅದು ಮೈಕ್ ಹಿಡಿದಾಗ ನಿಮ್ಮ ರೂಟರ್ ಕಾಯಬೇಕು.

ಇಲ್ಲಿ ನಿಜವಾದ ಸಂಪತ್ತು ಸ್ಪೀಡ್ ಅಲ್ಲ, ಸಮಯ. ಸಭೆಯಲ್ಲಿ ಒಬ್ಬರು ಬಹಳ ನಿಧಾನವಾಗಿ ಮಾತಾಡಿದರೆ ಎಲ್ಲರ ಹೊತ್ತೂ ಅವರಿಗೇ ಹೋಗುತ್ತದೆ. ಒಂದು ಲೆಕ್ಕ ಹಾಕೋಣ. 1500 ಬೈಟ್‌ಗಳ ಒಂದು ಪ್ಯಾಕೆಟ್ ಅಂದರೆ 12,000 ಬಿಟ್. ಸೆಕೆಂಡಿಗೆ 72 ಮೆಗಾಬಿಟ್ ವೇಗದ ಸಾಧನ ಇದನ್ನು ಸುಮಾರು 0.17 ಮಿಲಿಸೆಕೆಂಡಿನಲ್ಲಿ ಹೇಳಿ ಮುಗಿಸುತ್ತದೆ. ಅದೇ ಪ್ಯಾಕೆಟನ್ನು 1 ಮೆಗಾಬಿಟ್ ವೇಗದಲ್ಲಿ ಹೇಳಲು 12 ಮಿಲಿಸೆಕೆಂಡ್ ಬೇಕು, ಎಪ್ಪತ್ತು ಪಟ್ಟು ಹೆಚ್ಚು. ಮೂಲೆಯಲ್ಲಿರುವ ಒಂದು ಹಳೆಯ ಸಾಧನ ಸಿಗ್ನಲ್ ಸಿಗದೆ ತೊದಲುತ್ತಿದ್ದರೆ, ಅದರ ಬೆಲೆಯನ್ನು ಆ ಚಾನೆಲ್ಲಿನ ಎಲ್ಲರೂ ತೆರುತ್ತಾರೆ.

ಇನ್ನೊಂದು ಸೋರಿಕೆ ಕಣ್ಣಿಗೇ ಬೀಳುವುದಿಲ್ಲ. ಪ್ರತಿ ರೂಟರ್ "ನಾನಿಲ್ಲಿದ್ದೇನೆ" ಅಂತ ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತದೆ. ಯಾರೂ ಬಳಸದಿದ್ದರೂ ಸಾರುತ್ತದೆ. ಹಳೆಯ ಸಾಧನಗಳಿಗೂ ಕೇಳಿಸಲಿ ಅಂತ 2.4ರಲ್ಲಿ ಇದನ್ನು ಸಾಮಾನ್ಯವಾಗಿ 1 ಮೆಗಾಬಿಟ್ ವೇಗದಲ್ಲೇ ಸಾರುವುದು. ಒಂದು ಸಾರುವಿಕೆ 250 ಬೈಟ್ ಅಂದುಕೊಂಡರೂ 2 ಮಿಲಿಸೆಕೆಂಡ್ ಹೋಯಿತು. ಹತ್ತು ಸಲಕ್ಕೆ 20 ಮಿಲಿಸೆಕೆಂಡ್, ಅಂದರೆ ಒಟ್ಟು ಸಮಯದ ಶೇ. 2. ಒಂದೇ ಚಾನೆಲ್ಲಿನಲ್ಲಿ ಹದಿನೈದು ರೂಟರ್ ಇದ್ದರೆ ಶೇ. 30ರಷ್ಟು ಹೊತ್ತು ಬರೀ ಡಂಗುರಕ್ಕೇ ಹೋಯಿತು. ಒಬ್ಬರೂ ಇನ್ನೂ ಒಂದು ವಿಡಿಯೊ ನೋಡಿಲ್ಲ!

ಹೊಸ ವೈಫೈ ಏನು ತರುತ್ತೆ?

2009ರ ವೈಫೈ 4 ಎರಡೂ ಬ್ಯಾಂಡ್‌ಗಳಲ್ಲಿ, ಅಂದರೆ 2.4ರಲ್ಲೂ 5 ಗಿಗಾಹರ್ಟ್ಜ್‌ನಲ್ಲೂ ಕೆಲಸ ಮಾಡುತ್ತಿತ್ತು. 2013ರಲ್ಲಿ ಬಂದ ವೈಫೈ 5 ಬರೀ 5 ಗಿಗಾಹರ್ಟ್ಜ್‌ಗೆ ಮೀಸಲಾಯಿತು. 2.4ರತ್ತ ತಿರುಗಿಯೂ ನೋಡಲಿಲ್ಲ. ಹಾಗಾಗಿ ವೈಫೈ 5 ಅಂತ ಮಾರಿದ ರೂಟರ್‌ಗಳಲ್ಲೂ 2.4ರ ಭಾಗ ವೈಫೈ 4 ಆಗಿಯೇ ಉಳಿಯಿತು. 2019ರಲ್ಲಿ ವೈಫೈ 6 ಸಾಧನಗಳಿಗೆ ಪ್ರಮಾಣಪತ್ರ ಕೊಡಲು ಶುರುವಾಗುವ ತನಕ, ಹತ್ತು ವರ್ಷ, ಕೆಳಗಿನ ಬ್ಯಾಂಡಿಗೆ ಹೊಸದೇನೂ ಬರಲಿಲ್ಲ. ಅದೇ ಹತ್ತು ವರ್ಷದಲ್ಲಿ ನಮ್ಮೆಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ವೈಫೈ 6 ಕೆಳಗಿನ ಬ್ಯಾಂಡಿಗೆ ಮರಳಿ ಬಂದಿದ್ದು ಮುಖ್ಯವಾಗಿ ಮೂರು ಉಪಾಯಗಳೊಂದಿಗೆ.

ಮೊದಲನೆಯದು ಚಾನೆಲ್ಲನ್ನೇ ಹೋಳು ಮಾಡಿ ಹಂಚುವುದು. ಹಳೆಯ ವೈಫೈ ಆಟೊ ಇದ್ದ ಹಾಗೆ. ಒಬ್ಬರೇ ಹತ್ತಿದರೂ ಇಡೀ ಗಾಡಿ ಅವರದ್ದು, ಉಳಿದವರು ಸ್ಟ್ಯಾಂಡಿನಲ್ಲಿ ಕಾಯಬೇಕು. ಒಂದು ವಾಟ್ಸಾಪ್ ಸಂದೇಶಕ್ಕೂ 20 ಮೆಗಾಹರ್ಟ್ಜ್ ಪೂರ್ತಿ ಬೇಕು. ವೈಫೈ 6 ಬಸ್ಸಿನ ಹಾಗೆ. ಅದೇ 20 ಮೆಗಾಹರ್ಟ್ಜ್‌ನಲ್ಲಿ ಒಂಬತ್ತು ಸಾಧನಗಳವರೆಗೆ ಒಂದೇ ಟ್ರಿಪ್ಪಿನಲ್ಲಿ ಕೂರಿಸಬಲ್ಲದು. ಸಣ್ಣ ಸಣ್ಣ ಸಂದೇಶಗಳೇ ತುಂಬಿರುವ ಗದ್ದಲದ ಜಾಗದಲ್ಲಿ ಇದು ದೊಡ್ಡ ಉಪಕಾರ.

ಎರಡನೆಯದು ಬಣ್ಣ. ಪ್ರತಿ ನೆಟ್‌ವರ್ಕ್ ತನ್ನ ಪ್ಯಾಕೆಟ್‌ಗಳಿಗೆ 1ರಿಂದ 63ರೊಳಗಿನ ಒಂದು ಸಂಖ್ಯೆ ಅಂಟಿಸುತ್ತದೆ. ಇದನ್ನೇ ಬಣ್ಣ ಅನ್ನುತ್ತಾರೆ. ದೂರದ ಮನೆಯ ಮಾತು ಕ್ಷೀಣವಾಗಿ ಕೇಳಿಸಿದಾಗ, ಅದು ಬೇರೆ ಬಣ್ಣದ್ದು ಅಂತ ಗೊತ್ತಾದರೆ ನಿಮ್ಮ ರೂಟರ್ ಸುಮ್ಮನೆ ಕಾಯದೆ ತನ್ನ ಕೆಲಸ ಮಾಡಬಹುದು.

ಮೂರನೆಯದು ಮಲಗುವ ವೇಳಾಪಟ್ಟಿ. ಬಲ್ಬು, ಸೆನ್ಸರ್‌ನಂಥವು ಯಾವಾಗ ಎದ್ದು ಮಾತಾಡಬೇಕು ಅಂತ ರೂಟರ್ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತವೆ. ಬ್ಯಾಟರಿಯೂ ಉಳಿಯುತ್ತೆ, ನೂಕುನುಗ್ಗಲೂ ತಪ್ಪುತ್ತೆ.

ವೇಗವೂ ಏರಿದೆ. ಒಂದೇ ಆಂಟೆನಾದ ಸಾಧನಕ್ಕೆ 20 ಮೆಗಾಹರ್ಟ್ಜ್‌ನಲ್ಲಿ ವೈಫೈ 4ರ ಗರಿಷ್ಠ ವೇಗ ಸುಮಾರು 72 ಮೆಗಾಬಿಟ್, ವೈಫೈ 6ರಲ್ಲಿ 143. ಕಾಗದದ ಮೇಲಿನ ವೇಗ ಇದು, ರೂಟರ್ ಪಕ್ಕದಲ್ಲೇ ಇದ್ದರೆ ಮಾತ್ರ ಅದರ ಹತ್ತಿರಕ್ಕೆ ಹೋಗಬಹುದು. ಆದರೂ ಬೇಗ ಮಾತಾಡಿ ಮೈಕ್ ಬಿಟ್ಟುಕೊಡುವವರು ಹೆಚ್ಚಿದಷ್ಟೂ ಸಭೆಗೆ ಒಳ್ಳೆಯದು.

2024ರ ಆರಂಭದಲ್ಲಿ ಪ್ರಮಾಣಪತ್ರ ಶುರುವಾದ ವೈಫೈ 7, ಎರಡು ಬ್ಯಾಂಡ್‌ಗಳನ್ನು ಒಂದೇ ಸಂಪರ್ಕವಾಗಿ ಹೆಣೆಯಬಲ್ಲದು. ಒಂದು ದಾರಿಯಲ್ಲಿ ಜಾಮ್ ಆದರೆ ಇನ್ನೊಂದರಲ್ಲಿ ಹೋಗಬಹುದು. ಜಾಹೀರಾತಿನಲ್ಲಿ ಕಣ್ಣು ಕೋರೈಸುವ ಅದರ 320 ಮೆಗಾಹರ್ಟ್ಜ್ ಅಗಲದ ಚಾನೆಲ್ ಮಾತ್ರ 6 ಗಿಗಾಹರ್ಟ್ಜ್ ಬ್ಯಾಂಡಿನಲ್ಲಷ್ಟೇ ಸಾಧ್ಯ. ಇಡೀ 2.4 ಬ್ಯಾಂಡ್ ಇರುವುದೇ 83.5 ಮೆಗಾಹರ್ಟ್ಜ್, ಅಲ್ಲಿ 320 ಎಲ್ಲಿಂದ ತರೋಣ?

ಶಿಸ್ತು ಬಂತು, ಜಾಗ ಬಂತಾ?

ಇಲ್ಲ. ನನ್ನ 'ಸ್ವಲ್ಪ' ಅನ್ನುವ ಉತ್ತರಕ್ಕೆ ಕಾರಣ ಇದೇ. ಮೇಲೆ ಹೇಳಿದ ಉಪಾಯಗಳೆಲ್ಲ ಎರಡೂ ಕಡೆ ಹೊಸ ಸಾಧನ ಇದ್ದರಷ್ಟೇ ಕೆಲಸ ಮಾಡುತ್ತವೆ. ರೂಟರ್ ಬಸ್ಸು ತಂದು ನಿಲ್ಲಿಸಿದರೂ ಹಳೆಯ ಫೋನಿಗೆ ಬಸ್ ಹತ್ತುವುದು ಗೊತ್ತಿಲ್ಲ, ಅದಕ್ಕೆ ಆಟೊನೇ ಬೇಕು. ಪಕ್ಕದ ಮನೆಯ ವೈಫೈ 4 ರೂಟರ್‌ಗೆ ಬಣ್ಣ ಹಚ್ಚುವುದೂ ಗೊತ್ತಿಲ್ಲ, ನಿಮ್ಮ ಬಣ್ಣ ಓದುವುದೂ ಗೊತ್ತಿಲ್ಲ. ಮೈಕ್ರೋವೇವ್ ಒಲೆಗಂತೂ ಇದ್ಯಾವುದರ ಗೊಡವೆಯೇ ಇಲ್ಲ. ಗೋಮಾಳದಲ್ಲಿ ನೀವೊಬ್ಬರೇ ದನಕ್ಕೆ ಹಗ್ಗ ಕಟ್ಟಿದರೆ ಹುಲ್ಲು ಉಳಿಯಲ್ಲ.

ಮಾರುಕಟ್ಟೆಯ ಇನ್ನೊಂದು ಆಟವನ್ನೂ ಗಮನಿಸಬೇಕು. ಡಬ್ಬಿಯ ಮೇಲೆ 'ವೈಫೈ 6, ಡ್ಯುಯಲ್ ಬ್ಯಾಂಡ್' ಅಂತ ದಪ್ಪಕ್ಷರದಲ್ಲಿ ಬರೆದಿರುವ ಹಲವು ಅಗ್ಗದ ರೂಟರ್‌ಗಳಲ್ಲಿ ವೈಫೈ 6 ಇರುವುದು 5 ಗಿಗಾಹರ್ಟ್ಜ್ ಕಡೆ ಮಾತ್ರ. 2.4ರ ಕಡೆ ಇನ್ನೂ ಹಳೆಯ ವೈಫೈ 4. ಗುರುತಿಸುವುದು ಸುಲಭ. ವಿವರಗಳಲ್ಲಿ 2.4 ಗಿಗಾಹರ್ಟ್ಜ್ ಎದುರು 300 ಮೆಗಾಬಿಟ್ ಅಂತಿದ್ದರೆ ಅದು ಸಾಮಾನ್ಯವಾಗಿ ಹಳೆಯದು, 574 ಅಂತಿದ್ದರೆ ವೈಫೈ 6. ಹಾಗೆಯೇ ಎರಡೇ ಬ್ಯಾಂಡಿನ ವೈಫೈ 7 ರೂಟರ್‌ಗಳೂ ಬಂದಿವೆ. ಅವುಗಳಲ್ಲಿ 6 ಗಿಗಾಹರ್ಟ್ಜ್ ಇಲ್ಲವೇ ಇಲ್ಲ. ಹೆಸರು ಏಳು, ಮೇಯುವುದು ಹಳೆಯ ಹುಲ್ಲುಗಾವಲಲ್ಲೇ.

ಆ 300, 574 ಅನ್ನುವ ಅಂಕಿಗಳೂ 40 ಮೆಗಾಹರ್ಟ್ಜ್ ಅಗಲದ ಚಾನೆಲ್ ಲೆಕ್ಕ ಹಿಡಿದು ಬರೆದವು. ಕಿಕ್ಕಿರಿದ ಕಟ್ಟಡದಲ್ಲಿ ಒಬ್ಬರು 40 ಮೆಗಾಹರ್ಟ್ಜ್ ಹಿಡಿದರೆ ಹೆಚ್ಚುಕಮ್ಮಿ ಅರ್ಧ ಗೋಮಾಳಕ್ಕೆ ಬೇಲಿ ಹಾಕಿದ ಹಾಗೆ. ಜೊತೆಗೆ ಎರಡು ಚಾನೆಲ್ಲಿನ ಗದ್ದಲವನ್ನೂ ತಾವೇ ಮೈಮೇಲೆ ಎಳೆದುಕೊಂಡ ಹಾಗೆ.

ಕೆಳಗಿನ ಬ್ಯಾಂಡಲ್ಲಿ ಉಳಿಯುವವರು ಯಾರು?

"ಅಷ್ಟು ಗದ್ದಲ ಇದ್ದರೆ 2.4 ಬಿಟ್ಟು 5ಕ್ಕೆ ಹೋಗಿ" ಅನ್ನುವುದು ಸಾಮಾನ್ಯ ಸಲಹೆ. ಹೋಗಬಲ್ಲವರಿಗೆ ಒಳ್ಳೆಯ ಸಲಹೆಯೇ. 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಜ್‌ನಲ್ಲಿ ಒಟ್ಟು 605 ಮೆಗಾಹರ್ಟ್ಜ್ ಅನ್ನು ಲೈಸೆನ್ಸ್‌ಮುಕ್ತ ಮಾಡಿತು. 83.5ಕ್ಕೆ ಹೋಲಿಸಿದರೆ ಅದು ಬಯಲು.

ಆದರೆ ಎಲ್ಲರೂ ಹೋಗಲಾರರು. ಕಡಿಮೆ ಬೆಲೆಯ ಹಲವು ಫೋನುಗಳಿಗೆ, ಅಗ್ಗದ ಸಿಸಿಟಿವಿ ಕ್ಯಾಮೆರಾ, ಬಲ್ಬು, ಪ್ಲಗ್ಗುಗಳಿಗೆ 5 ಗಿಗಾಹರ್ಟ್ಜ್ ಗೊತ್ತೇ ಇಲ್ಲ. ಭೌತಶಾಸ್ತ್ರವೂ ಅಡ್ಡ ಬರುತ್ತದೆ. ಆವರ್ತನ ಏರಿದಷ್ಟೂ ಗೋಡೆ ದಾಟುವ ಕಸುವು ಕಮ್ಮಿ. ಹಾಲ್‌ನಲ್ಲಿ ಒಂದೇ ರೂಟರ್ ಇಟ್ಟು ಎರಡು ಗೋಡೆ ಆಚೆಯ ಕೋಣೆಯಲ್ಲಿ ಓದುವ ಹುಡುಗಿಗೆ ಸಿಗುವುದು 2.4 ಮಾತ್ರ. ಕೋಣೆಗೊಂದು ರೂಟರ್ ಇಡಬಲ್ಲವರಿಗೆ 5, 6 ಎಲ್ಲವೂ ಸಿಗುತ್ತವೆ. ಹೀಗೆ ಹೊಸ ಬ್ಯಾಂಡ್‌ಗಳು ಮೊದಲು ಉಳ್ಳವರಿಗೆ ತಲುಪುತ್ತವೆ, ಉಳಿದವರು ಹಳೆಯ ಗದ್ದಲದಲ್ಲೇ ಇರುತ್ತಾರೆ. ಡಿಜಿಟಲ್ ಅಸಮಾನತೆ ಅಂದರೆ ನೆಟ್ ಇದೆಯಾ ಇಲ್ಲವಾ ಅನ್ನುವುದು ಮಾತ್ರ ಅಲ್ಲ. ಯಾವ ಬ್ಯಾಂಡಲ್ಲಿ ಇದ್ದೀರಿ ಅನ್ನುವುದೂ ಹೌದು.

6 ಗಿಗಾಹರ್ಟ್ಜ್ ಜಗಳ

ಈಗ ದಿಲ್ಲಿಗೆ ಬರೋಣ. 5925ರಿಂದ 7125 ಮೆಗಾಹರ್ಟ್ಜ್‌ವರೆಗಿನ 1200 ಮೆಗಾಹರ್ಟ್ಜ್‌ಗೆ 6 ಗಿಗಾಹರ್ಟ್ಜ್ ಬ್ಯಾಂಡ್ ಅನ್ನುತ್ತಾರೆ. 2020ರ ಏಪ್ರಿಲ್‌ನಲ್ಲಿ ಅಮೆರಿಕ ಇದಿಷ್ಟನ್ನೂ ಲೈಸೆನ್ಸ್ ಇಲ್ಲದ ಬಳಕೆಗೆ ತೆರೆಯಿತು. ಯುರೋಪ್ 2021ರಲ್ಲಿ ಕೆಳಗಿನ ಭಾಗವನ್ನಷ್ಟೇ ಬಿಟ್ಟಿತು. ಭಾರತದಲ್ಲಿ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆಯಿತು. ಒಂದು ಕಡೆ ಮೊಬೈಲ್ ಕಂಪನಿಗಳು: ಇದನ್ನು 5ಜಿ, 6ಜಿಗೆ ಹರಾಜು ಹಾಕಿ ಅಂದವು. ಇನ್ನೊಂದು ಕಡೆ ದೊಡ್ಡ ಟೆಕ್ ಕಂಪನಿಗಳು: ವೈಫೈಗೆ ಬಿಡಿ ಅಂದವು. ಉಪಗ್ರಹಕ್ಕೆ ಭೂಮಿಯಿಂದ ಸಂಕೇತ ಕಳಿಸುವ ಕೆಲಸಕ್ಕೂ ಈ ಬ್ಯಾಂಡ್ ಬಳಕೆಯಲ್ಲಿದೆ, ಅದಕ್ಕೆ ತೊಂದರೆಯಾಗಬಾರದು ಅನ್ನುವ ಕಾಳಜಿ ಬೇರೆ.

2023ರ ಕೊನೆಯಲ್ಲಿ ದುಬೈನಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ, ಮೇಲಿನ 700 ಮೆಗಾಹರ್ಟ್ಜ್ ಅನ್ನು ಯುರೋಪ್, ಆಫ್ರಿಕಾ ಇರುವ ವಲಯಕ್ಕೂ ಬೇರೆ ಕೆಲವು ದೇಶಗಳಿಗೂ ಮೊಬೈಲ್ ಸೇವೆಗೆ ಗುರುತಿಸಿತು. 2025ರ ಮೇ ತಿಂಗಳಲ್ಲಿ ನಮ್ಮ ದೂರಸಂಪರ್ಕ ಇಲಾಖೆ ಕರಡು ನಿಯಮ ಹೊರಡಿಸಿತು. ಅದರ ಪ್ರಕಾರ ಕೆಳಗಿನ 500 ಮೆಗಾಹರ್ಟ್ಜ್ ವೈಫೈಗೆ: ಕಟ್ಟಡದೊಳಗೆ ಕಡಿಮೆ ಶಕ್ತಿಯಲ್ಲಿ, ಹೊರಗೆ ಅತಿ ಕಡಿಮೆ ಶಕ್ತಿಯಲ್ಲಿ. ಮೇಲಿನ ಭಾಗ ಮೊಬೈಲ್ ಕಂಪನಿಗಳಿಗೆ ಅನ್ನುವ ದಿಕ್ಕಿನಲ್ಲಿ ಸರ್ಕಾರದ ಯೋಚನೆ ಇದೆ.

ಮೊಬೈಲ್ ಕಂಪನಿಗಳ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಫೈಬರ್ ತಲುಪದ ಊರಿಗೆ ಟವರ್ ತಲುಪುತ್ತದೆ. ತಂತಿಯೇ ಬಾರದ ಕಡೆ ಎಂಥ ಹೊಸ ವೈಫೈ ಇಟ್ಟರೂ ಖಾಲಿ ನಲ್ಲಿಗೆ ಬಂಗಾರದ ಟ್ಯಾಪ್ ಹಾಕಿದ ಹಾಗೆ. ಆದರೆ "ಹರಾಜು ಹಾಕಿದರೆ ಬೊಕ್ಕಸಕ್ಕೆ ದುಡ್ಡು, ಬಿಟ್ಟುಕೊಟ್ಟರೆ ನಷ್ಟ" ಅನ್ನುವ ವಾದವನ್ನು ಮಾತ್ರ ಒಪ್ಪಲಾಗದು. ಗೋಮಾಳ ಮಾರಿದರೂ ಪಂಚಾಯಿತಿಗೆ ದುಡ್ಡು ಬರುತ್ತೆ. ದನ ಎಲ್ಲಿ ಮೇಯಬೇಕು?

ಕಾನೂನೂ ನಮ್ಮ ಕಡೆಗೇ ಇದೆ. ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲೇ ಹೇಳಿದೆ. 2012ರ ಫೆಬ್ರವರಿಯಲ್ಲಿ 122 ಟೆಲಿಕಾಂ ಲೈಸೆನ್ಸ್‌ಗಳನ್ನು ರದ್ದು ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರಿಸುತ್ತಾ, ನೈಸರ್ಗಿಕ ಸಂಪನ್ಮೂಲ ಹಂಚಲು ಹರಾಜೊಂದೇ ದಾರಿಯಲ್ಲ ಅಂತಲೂ ಸ್ಪಷ್ಟಪಡಿಸಿತು. 2023ರ ದೂರಸಂಪರ್ಕ ಕಾಯ್ದೆ ಕೂಡ ಸರ್ಕಾರವನ್ನು ಜನರ ಪರವಾಗಿ ತರಂಗಗಳ ಒಡೆಯ ಅನ್ನುತ್ತದೆ. ಜನರ ಪರವಾಗಿ ಅನ್ನುವ ಪದಕ್ಕೆ ಬೆಲೆ ಕೊಡಿಸುವುದು ನಮ್ಮ ಕೆಲಸ.

6 ಗಿಗಾಹರ್ಟ್ಜ್ ತೆರೆದರೆ, ಆ ಬ್ಯಾಂಡಿನ ಫೋನ್ ಇಲ್ಲದವರಿಗೆ ಏನು ಲಾಭ? ಬೈಪಾಸ್ ರಸ್ತೆಯ ಲಾಭ. ಭಾರದ ಗಾಡಿಗಳು ಅತ್ತ ಹೋದರೆ ಊರೊಳಗಿನ ರಸ್ತೆ ಹಗುರಾಗುತ್ತೆ. ಇಲ್ಲೊಂದು ಷರತ್ತಿದೆ: ಮೇಲಿನ ಬ್ಯಾಂಡಿಗೆ ಹೋದವರು ಕೆಳಗೆ ಡಂಗುರ ಸಾರುವುದನ್ನು ನಿಲ್ಲಿಸಬೇಕು. ಬೇಡದ ಕಡೆಯೂ 2.4 ಆನ್ ಇಟ್ಟುಕೊಂಡರೆ ಬೈಪಾಸ್ ಮಾಡಿಯೂ ಹಳೆಯ ರಸ್ತೆಯಲ್ಲಿ ಗಾಡಿ ನಿಲ್ಲಿಸಿದಂತೆ.

ನಾವು ಮಾಡಬಹುದಾದ್ದು

ಸದ್ಯಕ್ಕೆ ದುಡ್ಡು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ. ರೂಟರ್ ಸೆಟ್ಟಿಂಗ್‌ನಲ್ಲಿ 2.4ರ ಅಗಲವನ್ನು 20 ಮೆಗಾಹರ್ಟ್ಜ್‌ಗೆ ಇಳಿಸಿ. ಚಾನೆಲ್ 1, 6, 11ರಲ್ಲಿ ಒಂದನ್ನೇ ಆರಿಸಿ. 3, 4, 8ರಂಥವನ್ನು ಆರಿಸಿದರೆ ಎರಡು ಗುಂಪಿಗೂ ಅಡ್ಡಗಾಲು. ಟಿವಿ, ಲ್ಯಾಪ್‌ಟಾಪ್‌ಗಳನ್ನು ಕೇಬಲ್ಲಿಗೋ 5 ಗಿಗಾಹರ್ಟ್ಜ್‌ಗೋ ಹಾಕಿ, 2.4 ಅನ್ನು ಬೇರೆ ದಾರಿ ಇಲ್ಲದ ಸಾಧನಗಳಿಗೆ ಬಿಡಿ. ಮನೆಯಲ್ಲಿ ತೀರಾ ಹಳೆಯ ಸಾಧನ ಇಲ್ಲದಿದ್ದರೆ, ಅತಿ ನಿಧಾನದ ಹಳೆಯ ವೇಗಗಳನ್ನು ಆಫ್ ಮಾಡುವ ಆಯ್ಕೆ ಕೆಲವು ರೂಟರ್‌ಗಳಲ್ಲಿದೆ. ಡಂಗುರದ ಹೊತ್ತು ಉಳಿಯುತ್ತೆ.

ಇವೆಲ್ಲ ಒಬ್ಬರೇ ಮಾಡಿದರೆ ಅರ್ಧ ಫಲ. ಪಿಜಿ, ಹಾಸ್ಟೆಲ್, ಅಪಾರ್ಟ್‌ಮೆಂಟ್‌ಗಳಲ್ಲಿ ಕೋಣೆಗೊಂದು ರೂಟರ್ ಬದಲು ಇಡೀ ಕಟ್ಟಡಕ್ಕೆ ಯೋಜಿಸಿ ಹಾಕಿದ ಒಂದೇ ನೆಟ್‌ವರ್ಕ್ ಇದ್ದರೆ ನಲವತ್ತು ಡಂಗುರ ಐದಾರಕ್ಕೆ ಇಳಿಯುತ್ತದೆ. ನೀರಿನ ಟ್ಯಾಂಕರ್ ಬಗ್ಗೆ ಮಾತಾಡುವ ಸಂಘದ ಸಭೆಯಲ್ಲಿ ಇದನ್ನೂ ಎತ್ತಬಹುದು.

ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳೂ ಇವೆ. ಹಳ್ಳಿಯ ಅರಿವು ಕೇಂದ್ರ, ಸರ್ಕಾರಿ ಶಾಲೆ, ಹಾಸ್ಟೆಲ್‌ಗಳಿಗೆ ರೂಟರ್ ಕೊಳ್ಳುವಾಗ '2.4ರ ಕಡೆಯೂ ವೈಫೈ 6 ಇರಬೇಕು' ಅನ್ನುವ ಒಂದು ಸಾಲು ಟೆಂಡರ್‌ನಲ್ಲಿ ಸೇರಲಿ. ಯಾವ ಬ್ಯಾಂಡಿನಲ್ಲಿ ಯಾವ ತಲೆಮಾರಿನ ವೈಫೈ ಇದೆ ಅಂತ ಡಬ್ಬಿಯ ಮೇಲೆ ಬೇರೆ ಬೇರೆಯಾಗಿ ಬರೆಯುವುದು ಕಡ್ಡಾಯವಾಗಲಿ. ಮೇಲಿನ 700 ಮೆಗಾಹರ್ಟ್ಜ್ ಬಗ್ಗೆ ತೀರ್ಮಾನ ಮಾಡುವಾಗ ಬಿಡ್ಡು ಕೂಗುವವರ ಜೊತೆಗೆ ಬಳಸುವವರ ಮಾತೂ ಕೇಳಿಸಲಿ. ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತವೆ. ಅಲ್ಲಿಗೆ ಕಂಪನಿಗಳ ವಕೀಲರು ತಪ್ಪದೆ ಬರೆಯುತ್ತಾರೆ. ವಿದ್ಯಾರ್ಥಿ ಸಂಘಟನೆಗಳು ಯಾಕೆ ಬರೆಯಬಾರದು?

ಹೊಸ ವೈಫೈ ನಮಗೆ ಗೋಮಾಳದಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಕಲಿಸಬಲ್ಲದು. ಗೋಮಾಳ ಎಷ್ಟು ಎಕರೆ ಇರಬೇಕು ಅಂತ ಅದು ತೀರ್ಮಾನಿಸಲಾರದು. ಅದನ್ನು ತೀರ್ಮಾನಿಸುವವರನ್ನು ಆರಿಸಿ ಕಳಿಸುವುದು ನಾವೇ. ಮತ ಕೇಳಲು ಬಂದಾಗ ರಸ್ತೆ, ನೀರಿನ ಜೊತೆ ತರಂಗದ ಲೆಕ್ಕವನ್ನೂ ಕೇಳೋಣ.